ಮ್ಯೂನಿಕ್‌ನಲ್ಲಿ ಕಟ್ಟಿದ 60 ಯೂರೋ

ಮ್ಯೂನಿಕ್‌ನಲ್ಲಿ ಮೆಟ್ರೋ ಹತ್ತೋಕೆ ಗೇಟೇ ಇಲ್ಲ. ನಮ್ಮ ಮೆಜೆಸ್ಟಿಕ್ ಸ್ಟೇಷನ್ನಿನ ಹಾಗೆ ಕಾರ್ಡ್ ತಾಗಿಸಿದ್ರೆ ತೆರೆದುಕೊಳ್ಳೋ ಬಾಗಿಲು, ಬ್ಯಾಗ್ ಸ್ಕ್ಯಾನರ್, ಸೀಟಿ ಊದೋ ಸೆಕ್ಯೂರಿಟಿ ಯಾವುದೂ ಕಾಣಲ್ಲ. ಮೆಟ್ಟಿಲಿಳಿದರೆ ಪ್ಲಾಟ್‌ಫಾರ್ಮ್, ರೈಲು ಬಂದರೆ ಹತ್ತೋದು, ಅಷ್ಟೇ. ದಾರಿಯಲ್ಲಿ ಒಂದು ಪುಟ್ಟ ಮಷೀನು ಇರುತ್ತೆ. ಟಿಕೆಟನ್ನ ಅದರ ಬಾಯಿಗೆ ತುರುಕಿದರೆ ಟಕ್ ಅಂತ ಮುದ್ರೆ ಬೀಳುತ್ತೆ. ತುರುಕದೇ ಹೋದರೂ ಅಲ್ಲಿ ನಿಮ್ಮನ್ನ ತಡೆಯೋರಿಲ್ಲ.

ಮೇಲೆ ರಸ್ತೆಗೆ ಬಂದರೆ ಮೂಲೆಮೂಲೆಯಲ್ಲಿ ಪೇಪರ್ ಡಬ್ಬಿಗಳು. ಮುಚ್ಚಳ ಎತ್ತಿ ಪತ್ರಿಕೆ ತಗೊಂಡು, ಪಕ್ಕದ ತೂತಿಗೆ ಕಾಸು ಹಾಕಬೇಕು. ಮುಚ್ಚಳಕ್ಕೆ ಬೀಗವಿಲ್ಲ. ಇವಕ್ಕೆ ಜರ್ಮನ್ನರು ಇಟ್ಟಿರೋ ಹೆಸರು ‘ಮೂಕ ಮಾರಾಟಗಾರ’. ಊರ ಹೊರಗೆ ಇನ್ನೂ ಚೆಂದ. ಹೊಲದ ತುಂಬ ಸೂರ್ಯಕಾಂತಿ, ಗ್ಲಾಡಿಯೋಲಸ್. ಒಂದು ಚಾಕು, ಒಂದು ಬೋರ್ಡು, ಒಂದು ಹುಂಡಿ. ಬೇಕಾದಷ್ಟು ಹೂವು ಕೊಯ್ದುಕೊಂಡು ಲೆಕ್ಕ ಹಾಕಿ ದುಡ್ಡು ಹುಂಡಿಗೆ ಹಾಕಿ ಹೋಗ್ತಾರೆ. ಹೊಲದ ಯಜಮಾನ ಮೈಲಿ ದೂರದಲ್ಲಿರ್ತಾನೆ.

ಇನ್ನು ಕೆಂಪು ದೀಪ. ರಾತ್ರಿ ಹನ್ನೊಂದು ಗಂಟೆಗೆ, ಎರಡೂ ಕಡೆ ಒಂದು ಸೈಕಲ್ ಕೂಡ ಇಲ್ಲದ ರಸ್ತೆ ಬದಿಯಲ್ಲಿ ಮೂರು ಜನ ಹಸಿರು ಮನುಷ್ಯನಿಗಾಗಿ ಕಾಯ್ತಾ ನಿಂತಿದ್ದನ್ನ ನೋಡಿದ್ದೀನಿ. ಮೊದಲ ವಾರ ನಾನು ದಾಟಿಬಿಡ್ತಿದ್ದೆ. ಎರಡನೇ ವಾರ ನಾನೂ ನಾಲ್ಕನೆಯವನಾಗಿ ನಿಂತೆ.

ಮೂರು ತಿಂಗಳ ಡೆಪ್ಯುಟೇಷನ್ನು ಅದು. ಬೆಂಗಳೂರಿಂದ ಹೋದ ಟೆಸ್ಟಿಂಗ್ ಟೀಮಿನ ಮೂವರಲ್ಲಿ ನಾನೊಬ್ಬ. ಮನೆಗೆ ಫೋನ್ ಮಾಡಿದಾಗಲೆಲ್ಲ ಇದೇ ಕಥೆ: “ಅಮ್ಮಾ, ಇಲ್ಲಿ ಜನರಿಗೆ ಶಿಸ್ತು ರಕ್ತದಲ್ಲೇ ಇದೆ, ನಮ್ಮವರು ಯಾವತ್ತೂ ಉದ್ಧಾರ ಆಗಲ್ಲ.” ನೀವೂ ಹೊರದೇಶಕ್ಕೆ ಹೋದ ಮೊದಲ ತಿಂಗಳು ಇದನ್ನೇ ಹೇಳಿರ್ತೀರಿ, ನನಗೆ ಗೊತ್ತು.

ಆರನೇ ವಾರ ನಾನು ಸಿಕ್ಕಿಬಿದ್ದೆ.

ಅಲ್ಲೊಂದು ಪಟ್ಟಿ ಟಿಕೆಟ್ ಬರುತ್ತೆ. ಉದ್ದ ಕಾಗದದಲ್ಲಿ ಹತ್ತು ಪಟ್ಟಿ. ಹತ್ತಿರದ ಪ್ರಯಾಣಕ್ಕೆ ಒಂದು ಪಟ್ಟಿ, ದೂರಕ್ಕೆ ಎರಡು ಅಥವಾ ಹೆಚ್ಚು ಮಡಚಿ ಮುದ್ರೆ ಒತ್ತಿಸಬೇಕು. ಸುರಂಗ ರೈಲಿನಲ್ಲಿ ಎರಡು ನಿಲ್ದಾಣ ದಾಟಿದರೆ ಒಂದು ಪಟ್ಟಿ ಸಾಲದು. ಇದು ನನಗೆ ಗೊತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಗೊತ್ತಿತ್ತು. ಒಂದೇ ಒತ್ತಿದ್ದೆ. ಜೀನ್ಸು, ಟೀ ಶರ್ಟಿನಲ್ಲಿದ್ದ ಒಬ್ಬಾತ ಪಕ್ಕದ ಸೀಟಿಂದೆದ್ದು ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳಿದ. ನೋಡಿದ. ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದ. ದಂಡ 60 ಯೂರೋ.

ಆಗ ನನ್ನ ಕೈ ಏನು ಮಾಡ್ತು ಅಂದ್ರೆ, ತಾನಾಗೇ ಪರ್ಸಿಗೆ ಹೋಗಿ, ಇಪ್ಪತ್ತರ ನೋಟೊಂದನ್ನ ನಾಲ್ಕು ಮಡಿಕೆ ಮಡಚಿ, ಟಿಕೆಟಿನ ಕೆಳಗಿಟ್ಟು ಅವನ ಕಡೆ ಚಾಚಿತು. “ರಸೀದಿ ಬೇಡ” ಅಂದೆ ಇಂಗ್ಲಿಷಿನಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದರೆ ಎಷ್ಟು ಸಹಜವಾಗಿ ಹೇಳ್ತಿದ್ನೋ ಅಷ್ಟೇ ಸಹಜವಾಗಿ.

ಅವನಿಗೆ ಕೋಪ ಬರಲಿಲ್ಲ. ಅರ್ಥವೇ ಆಗಲಿಲ್ಲ. “ಇನ್ನೂ ನಲವತ್ತು ಬೇಕು” ಅಂದ. ಆಮೇಲೆ ಅರ್ಥವಾಯ್ತು ಅನ್ಸುತ್ತೆ. ಮುಖ ನೋಡಿ, ನೋಟು ವಾಪಸ್ ಕೊಟ್ಟು, ಮಷೀನಿನಿಂದ ಚೀಟಿ ಹರಿದು ಕೊಟ್ಟ.

ಮರುದಿನ ಊಟದ ಹೊತ್ತಲ್ಲಿ ದಂಡದ ಕಥೆಯನ್ನ ಜೋಕಿನ ಥರ ಹೇಳಿಕೊಂಡೆ, ಇಪ್ಪತ್ತರ ನೋಟಿನ ಸಮೇತ. ನಿವೃತ್ತಿ ಹತ್ತಿರ ಬಂದಿದ್ದ ಸಹೋದ್ಯೋಗಿಯೊಬ್ಬರು, ತುಂಬ ಒಳ್ಳೇ ಮನುಷ್ಯ, ನನ್ನ ಭುಜ ತಟ್ಟಿ, “ಬೇಜಾರು ಮಾಡ್ಕೋಬೇಡ. ನಿಮ್ಮಲ್ಲಿ ಅದು ಸಂಸ್ಕೃತಿ. ನಾವು ಅರ್ಥ ಮಾಡ್ಕೋತೀವಿ” ಅಂದರು.

ಬೈದಿದ್ದರೆ ತಡ್ಕೋಬಹುದಿತ್ತು. ಅನುಕಂಪ ಚುಚ್ಚಿತು. ಇನ್ನೂ ಚುಚ್ಚಿದ್ದು, ಅದೇ ಮಾತನ್ನ ನಾನು ಅಮ್ಮನಿಗೆ ಆರು ವಾರದಿಂದ ಹೇಳ್ತಾ ಬಂದಿದ್ದೆ ಅನ್ನೋದು.

ಆ ರಾತ್ರಿ ಅಡುಗೆಮನೆಯಲ್ಲಿ ಇದನ್ನ ನನ್ನ ಫ್ಲ್ಯಾಟ್‌ಮೇಟ್‌ಗೆ ಹೇಳಿದೆ. ಢಾಕಾದ ಹುಡುಗ, ಅಲ್ಲಿ ಪಿಎಚ್‌ಡಿ ಮಾಡ್ತಿದ್ದ. ಬೇಳೆಗೆ ಒಗ್ಗರಣೆ ಹಾಕ್ತಾ ಕೇಳಿಸಿಕೊಂಡ. ಕೊನೆಗೆ ಹೇಳಿದ: “ಭಾನುವಾರ ವಿಟೆಲ್ಸ್‌ಬಾಖರ್ ಚೌಕಕ್ಕೆ ಹೋಗು. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್ ಟೆಂಡರಿಗೆ ದುಡ್ಡು ಕೊಟ್ಟ ಕಂಪನಿಯ ಹೆಡ್ ಆಫೀಸು ಅಲ್ಲಿದೆ. ತಗೊಂಡವರ ಸಂಸ್ಕೃತಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ಕೊಟ್ಟವರದ್ದು ಏನಂತೆ, ಕೇಳ್ಕೊಂಡು ಬಾ.”

ಹೋದೆ. ಓಡಿಯನ್ಸ್‌ಪ್ಲಾಟ್ಸ್ ಸ್ಟೇಷನ್ನಿನಿಂದ ಮೂರ್ನಾಲ್ಕು ನಿಮಿಷದ ನಡಿಗೆ. (ಎರಡು ಪಟ್ಟಿ ಒತ್ತಿದ್ದೆ.) ಸುತ್ತ ಅರಮನೆಯಂಥ ಕಟ್ಟಡಗಳು, ನಡುವೆ ಕುದುರೆ ಮೇಲೆ ಕೂತ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್. ಚೌಕದ ಒಂದು ಬದಿಯಲ್ಲಿ ಸೀಮೆನ್ಸ್ ಕಂಪನಿಯ ಹಳೆಯ ಅರಮನೆ, ಅದರ ಹಿಂದೆ 2016ರಲ್ಲಿ ತೆರೆದ ಹೊಸ ಗಾಜಿನ ಕಟ್ಟಡ. ನೆಲಮಹಡಿಯ ಅಂಗಳದಲ್ಲಿ ಯಾರು ಬೇಕಾದರೂ ಹಾದುಹೋಗಬಹುದು. ಹಳೇ ಊರಿಂದ ಮ್ಯೂಸಿಯಮ್ಮುಗಳ ಕಡೆಗೆ ಅದೇ ಒಳದಾರಿ. ಪ್ರಾಮ್ ತಳ್ಳಿಕೊಂಡು ಹೋಗೋ ಅಮ್ಮಂದಿರು, ಐಸ್‌ಕ್ರೀಮ್ ತಿನ್ನೋ ಹುಡುಗರು. ಗೋಡೆಗಳೆಲ್ಲ ಪಾರದರ್ಶಕ. ನಾನು ಒಂದು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗದ ದೂರು ತೆರೆದೆ. ಮೂಲ ದಾಖಲೆ, ಯಾರು ಬೇಕಾದರೂ ಓದಬಹುದು. ಸಿನಿಮಾ ಕಥೆ ಬರೆಯೋರು ಓದಲೇಬೇಕು.

2001ರಿಂದ 2007ರ ನಡುವೆ ಸರ್ಕಾರಿ ಅಧಿಕಾರಿಗಳಿಗೆ ತಲುಪಿದ ಪಾವತಿಗಳ ಸಂಖ್ಯೆ ಕನಿಷ್ಠ 4,283. ಮೊತ್ತ ಸುಮಾರು 140 ಕೋಟಿ ಡಾಲರ್. ವೆನೆಜುವೆಲಾ ಮತ್ತು ಚೀನಾದಲ್ಲಿ ಮೆಟ್ರೋ, ಇಸ್ರೇಲಿನಲ್ಲಿ ವಿದ್ಯುತ್ ಸ್ಥಾವರ, ಅರ್ಜೆಂಟೀನಾದಲ್ಲಿ ರಾಷ್ಟ್ರೀಯ ಗುರುತಿನ ಚೀಟಿ, ರಷ್ಯಾದಲ್ಲಿ ಟ್ರಾಫಿಕ್ ಸಿಗ್ನಲ್ ವ್ಯವಸ್ಥೆ, ಬಾಂಗ್ಲಾದೇಶದಲ್ಲಿ ಮೊಬೈಲ್ ನೆಟ್‌ವರ್ಕ್. ಟ್ರಾಫಿಕ್ ಸಿಗ್ನಲ್ ಅಂತ ಓದಿದಾಗ ನಗು ಬಂತು. ಕೆಂಪು ದೀಪ ದಾಟದವರು ಕೆಂಪು ದೀಪ ಮಾರೋಕೆ ಲಂಚ ಕೊಟ್ಟಿದ್ದರು.

ಕೊಡೋದರಲ್ಲೂ ಜರ್ಮನ್ ಶಿಸ್ತು. ಕಂಪನಿಯೊಳಗೆ ಮೂರು ಕ್ಯಾಶ್ ಡೆಸ್ಕ್ ಇದ್ದವು. ನೌಕರರು ಖಾಲಿ ಸೂಟ್‌ಕೇಸ್ ತಂದು ನೋಟು ತುಂಬಿಸಿಕೊಂಡು ಹೋಗ್ತಿದ್ದರು, ಒಂದು ಸಲಕ್ಕೆ ಹತ್ತು ಲಕ್ಷ ಯೂರೋ ತನಕ. ಅನುಮತಿ ಪತ್ರಕ್ಕೆ ಸಹಿ ಬೇಕಲ್ಲ? ಸಹಿಯನ್ನ ಕಿತ್ತು ತೆಗೆಯಬಹುದಾದ ಹಳದಿ ಅಂಟುಚೀಟಿಯ ಮೇಲೆ ಹಾಕ್ತಿದ್ದರು. ಪರ್ಸೆಂಟೇಜ್ ಬರೆಯೋಕೆ ಗುಪ್ತ ಭಾಷೆಯೂ ಇತ್ತು: ‘ಮೇಕ್ ಪ್ರಾಫಿಟ್’ ಅನ್ನೋ ಇಂಗ್ಲಿಷ್ ಪದಗಳ ಹತ್ತು ಅಕ್ಷರಗಳಿಗೆ ಒಂದರಿಂದ ಸೊನ್ನೆಯ ತನಕ ಹತ್ತು ಅಂಕಿ. ಕಡತದಲ್ಲಿ ‘ಎ ಪಿ ಪಿ’ ಅಂತಿದ್ದರೆ 2.55 ಪರ್ಸೆಂಟ್ ಅಂತ ಅರ್ಥ. ಲಾಭ ಮಾಡಿ ಅನ್ನೋ ಪದವನ್ನೇ ಬೀಗದಕೈ ಮಾಡಿಕೊಂಡಿದ್ದರು.

ಟೆಲಿಕಾಂ ವಿಭಾಗದ ಈ ಗುಪ್ತ ಖಜಾನೆ ನೋಡಿಕೊಳ್ತಿದ್ದವರು ರೈನ್‌ಹಾರ್ಡ್ ಸೀಕಾಚೆಕ್ ಅನ್ನೋ ಮ್ಯಾನೇಜರ್. ತನ್ನ ಜೇಬಿಗೆ ಹಾಕಿಕೊಂಡ ಅನ್ನೋ ಆರೋಪ ಆತನ ಮೇಲಿರಲಿಲ್ಲ. ನಂಬಿಕಸ್ತ, ಲೆಕ್ಕ ಪಕ್ಕಾ ಇಡೋ ಮನುಷ್ಯ. 2008ರ ಜುಲೈನಲ್ಲಿ ಮ್ಯೂನಿಕ್ ಕೋರ್ಟು ಎರಡು ವರ್ಷದ ಅಮಾನತು ಶಿಕ್ಷೆ, 1,08,000 ಯೂರೋ ದಂಡ ಹಾಕಿತು. ಆತ ಹೂವಿನ ಹೊಲದ ಹುಂಡಿಗೆ ಖಂಡಿತ ಸರಿಯಾದ ದುಡ್ಡೇ ಹಾಕ್ತಿದ್ದಿರಬೇಕು. ಇದು ನನ್ನ ಊಹೆ ಅಷ್ಟೇ.

ಪೊಲೀಸರು ಕಂಪನಿಯ ಕಚೇರಿಗಳ ಮೇಲೆ ದಾಳಿ ಮಾಡಿದ್ದು 2006ರ ನವೆಂಬರ್ 15ರಂದು. ಎರಡು ವರ್ಷದ ನಂತರ, 2008ರ ಡಿಸೆಂಬರ್ 15ಕ್ಕೆ, ಅಮೆರಿಕ ಮತ್ತು ಜರ್ಮನಿ ಎರಡೂ ಕಡೆ ಸೇರಿ ಸುಮಾರು 160 ಕೋಟಿ ಡಾಲರ್ ಕಟ್ಟಿ ಕಂಪನಿ ರಾಜಿ ಮಾಡಿಕೊಂಡಿತು. ನನ್ನ 60 ಯೂರೋ ಸ್ವಲ್ಪ ಹಗುರ ಅನ್ನಿಸ್ತು.

ಆದರೆ ನನ್ನನ್ನ ಬೆಂಚಿಂದ ಏಳದ ಹಾಗೆ ಮಾಡಿದ್ದು ಸೂಟ್‌ಕೇಸ್ ಅಲ್ಲ, ಟ್ಯಾಕ್ಸು. 1999ರ ತನಕ ಜರ್ಮನ್ ಕಂಪನಿಗಳು ಹೊರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನ ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಯುರೋಪಿನ ಇನ್ನೂ ಕೆಲವು ದೇಶಗಳಲ್ಲೂ ಹೀಗೇ ಇತ್ತು. ಜರ್ಮನ್ ಲೆಕ್ಕಪತ್ರದ ಭಾಷೆಯಲ್ಲಿ ಅದಕ್ಕೊಂದು ಮರ್ಯಾದಸ್ಥ ಹೆಸರು: ‘ಉಪಯುಕ್ತ ಖರ್ಚು’. ತಮ್ಮ ದೇಶದ ಅಧಿಕಾರಿಗೆ ಕೊಟ್ಟರೆ ಜೈಲು. ಢಾಕಾದ ಅಧಿಕಾರಿಗೆ ಕೊಟ್ಟರೆ ರಿಯಾಯಿತಿ. ಕೊಡೋ ಮನುಷ್ಯ ಒಬ್ಬನೇ, ಅವನ ಊರು ಅದೇ, ಅವನ ಅಮ್ಮ ಕಲಿಸಿದ ಸಂಸ್ಕೃತಿ ಅದೇ. ಗಡಿ ದಾಟಿದ ಮೇಲೆ ಬೇರೆಯಾಗಿದ್ದು ಕಾನೂನು ಮಾತ್ರ.

ಇದನ್ನ ಸಮರ್ಥಿಸೋಕೆ ಆಗ ಬಳಸ್ತಿದ್ದ ವಾದವೇ ಸಂಸ್ಕೃತಿ. ಅಲ್ಲಿ ವ್ಯವಹಾರ ನಡೆಯೋದೇ ಹಾಗೆ, ನಾವು ಕೊಡದಿದ್ದರೆ ಫ್ರೆಂಚರು ಕೊಡ್ತಾರೆ, ಆರ್ಡರ್ ಹೋದರೆ ಇಲ್ಲಿನ ಕಾರ್ಮಿಕರ ಕೆಲಸ ಹೋಗುತ್ತೆ. ಪಕ್ಕದ ಮನೆಯವನೂ ಕೊಟ್ಟ, ನಾನೂ ಕೊಟ್ಟೆ ಅಂತ ನಮ್ಮ ಊರಲ್ಲಿ ಸೈಟು ರಿಜಿಸ್ಟರ್ ಮಾಡಿಸೋರು ಹೇಳೋದಕ್ಕೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

ಅಮೆರಿಕದ ಕಥೆ ಸ್ವಲ್ಪ ಬೇರೆ. ವಿಮಾನ ಮಾರೋಕೆ ಲಾಕ್‌ಹೀಡ್ ಕಂಪನಿ ಜಪಾನ್, ನೆದರ್‌ಲ್ಯಾಂಡ್ಸ್ ಮುಂತಾದ ಕಡೆ ಹಂಚಿದ ದುಡ್ಡಿನ ಸುದ್ದಿ 1976ರಲ್ಲಿ ಹೊರಬಿತ್ತು. ಮರುವರ್ಷವೇ, ಹೊರದೇಶದ ಅಧಿಕಾರಿಗೆ ಲಂಚ ಕೊಡೋದು ಅಪರಾಧ ಅಂತ ಅಮೆರಿಕ ಕಾನೂನು ಮಾಡಿತು. ಬೇರೆ ಶ್ರೀಮಂತ ದೇಶಗಳು ಒಟ್ಟಾಗಿ ಒಪ್ಪಂದಕ್ಕೆ ಸಹಿ ಹಾಕಿದ್ದು 1997ರ ಡಿಸೆಂಬರಿನಲ್ಲಿ. ಜಾರಿಗೆ ಬಂದಿದ್ದು 1999ರ ಫೆಬ್ರವರಿಯಲ್ಲಿ. ಅಷ್ಟು ವರ್ಷ ಅಮೆರಿಕದ ಕಂಪನಿಗಳು ನಮಗೆ ಅನ್ಯಾಯ ಅಂತ ಗೊಣಗುತ್ತಲೇ ಇದ್ದವು. ಗೊಣಗಾಟ ಈಗಲೂ ನಿಂತಿಲ್ಲ. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಈ ಕಾನೂನಿನ ಜಾರಿಯನ್ನ 180 ದಿನ ತಡೆಹಿಡಿಯೋ ಆದೇಶಕ್ಕೆ ಸಹಿ ಹಾಕಿದರು. ಕಾರಣ ಅದೇ ಹಳೇದು: ನಮ್ಮ ಕಂಪನಿಗಳು ಪೈಪೋಟಿಯಲ್ಲಿ ಹಿಂದೆ ಬೀಳ್ತಿವೆ.

ಸೀಮೆನ್ಸ್ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಥಿಯೋ ವೈಗೆಲ್. ರಾಜಿಯ ನಂತರ ಕಂಪನಿ ಸರಿದಾರಿಯಲ್ಲಿ ನಡೀತಿದೆಯಾ ಅಂತ ಕಣ್ಣಿಡೋಕೆ ನೇಮಕವಾದವರು. ಅದಕ್ಕೂ ಮೊದಲು, 1989ರಿಂದ 1998ರವರೆಗೆ, ಅವರು ಜರ್ಮನಿಯ ಹಣಕಾಸು ಮಂತ್ರಿ. ಅಂದರೆ ಲಂಚಕ್ಕೆ ತೆರಿಗೆ ರಿಯಾಯಿತಿ ಸಿಗ್ತಿದ್ದ ಕಾಲದ ಖಜಾನೆ ಅವರ ಕೈಯಲ್ಲಿತ್ತು. ಮನುಷ್ಯ ಅದೇ, ಕುರ್ಚಿ ಬೇರೆ, ನಿಯಮ ಬೇರೆ. ಬರ್ಲಿನ್ನಿನಲ್ಲಂತೂ ಇನ್ನೊಂದು ತಮಾಷೆ. ಪ್ರತಿ ವರ್ಷ ಯಾವ ದೇಶ ಎಷ್ಟು ಭ್ರಷ್ಟ ಅಂತ ಪಟ್ಟಿ ಬಿಡುಗಡೆ ಮಾಡೋ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಹುಟ್ಟಿದ್ದು ಅಲ್ಲೇ, 1993ರಲ್ಲಿ. ಅದೇ ನಗರದ ಪಕ್ಕದ ಬೀದಿಯ ಕಂಪನಿ ಆಗ ಲಂಚವನ್ನ ಉಪಯುಕ್ತ ಖರ್ಚಿನ ಕಾಲಮ್ಮಿನಲ್ಲಿ ಬರೆಯಬಹುದಿತ್ತು.

ಫ್ಲ್ಯಾಟ್‌ಮೇಟ್ ಹೇಳಿದ ಬಾಂಗ್ಲಾ ಟೆಂಡರಿನ ದುಡ್ಡು ಎಲ್ಲಿಗೆ ಹೋಯ್ತು ಅಂತಲೂ ಹುಡುಕಿದೆ. ಬಾಂಗ್ಲಾದ ಅಧಿಕಾರಿಗಳಿಗೆ ಕೊಟ್ಟಿದ್ದು ಕನಿಷ್ಠ 53 ಲಕ್ಷ ಡಾಲರ್ ಅನ್ನೋದು ಕೋರ್ಟಿನ ದಾಖಲೆ. 2009ರಲ್ಲಿ ಅಮೆರಿಕ ಸರ್ಕಾರ ಮುಟ್ಟುಗೋಲಿಗೆ ಅರ್ಜಿ ಹಾಕಿದ್ದು ಸುಮಾರು 30 ಲಕ್ಷ ಡಾಲರಿಗೆ. ಅದರಲ್ಲಿ ಹೆಚ್ಚಿನದು ಮಾಜಿ ಪ್ರಧಾನಿಯೊಬ್ಬರ ಮಗನಿಗೆ ಸಂಬಂಧಿಸಿದ್ದು ಅಂತ ಆರೋಪ. ಆ ಖಾತೆಗಳು ಇದ್ದಿದ್ದು ಸಿಂಗಪುರದಲ್ಲಿ. ಏಷ್ಯಾದಲ್ಲೇ ಸ್ವಚ್ಛ ಆಡಳಿತ ಅಂತ ನಾವೆಲ್ಲ ಉದಾಹರಣೆ ಕೊಡ್ತೀವಲ್ಲ, ಅದೇ ಸಿಂಗಪುರ. ಕೊಟ್ಟವರಲ್ಲಿ ಶಿಸ್ತಿನ ದೇಶದವರೂ ಇದ್ದರು, ಇಟ್ಟುಕೊಂಡ ಬ್ಯಾಂಕು ಶುದ್ಧ ದೇಶದ್ದು. ಕಳಂಕ ಮಾತ್ರ ನನ್ನ ಫ್ಲ್ಯಾಟ್‌ಮೇಟ್‌ನ ಪಾಸ್‌ಪೋರ್ಟಿಗೆ.

ಹಾಗಂತ ಸಂಸ್ಕೃತಿ ಅನ್ನೋದೇ ಸುಳ್ಳು ಅಂತ ನಾನು ಹೇಳಲಾರೆ. ನನ್ನ ಕೈ ತಾನಾಗೇ ಪರ್ಸಿಗೆ ಹೋಯ್ತಲ್ಲ! ಇದಕ್ಕೆ ಒಳ್ಳೇ ಪುರಾವೆ ನ್ಯೂಯಾರ್ಕಿನ ಪಾರ್ಕಿಂಗ್ ಚೀಟಿಗಳು. ವಿಶ್ವಸಂಸ್ಥೆಯ ರಾಜತಾಂತ್ರಿಕರು ಅಲ್ಲಿ ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದರೂ ದಂಡ ವಸೂಲಿ ಮಾಡೋ ಹಾಗಿರಲಿಲ್ಲ. ರೇಮಂಡ್ ಫಿಸ್‌ಮನ್, ಎಡ್ವರ್ಡ್ ಮಿಗೆಲ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1997ರಿಂದ 2002ರವರೆಗಿನ ಲೆಕ್ಕ ತೆಗೆದರು. ಕಟ್ಟದೇ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು, ಬಾಕಿ 1.8 ಕೋಟಿ ಡಾಲರಿಗೂ ಮೇಲೆ. ಪಟ್ಟಿಯ ತುದಿಯಲ್ಲಿ ಕುವೈತ್, ಈಜಿಪ್ಟ್, ಚಾಡ್. ಸ್ವೀಡನ್, ನಾರ್ವೆ, ಜಪಾನಿನವರ ಬಾಕಿ ಸೊನ್ನೆ. ಶಿಕ್ಷೆಯ ಭಯ ಯಾರಿಗೂ ಇಲ್ಲದಾಗಲೂ ಕೆಲವರು ಸರಿಯಾಗಿ ಪಾರ್ಕ್ ಮಾಡಿದರು. ಅಲ್ಲಿಗೆ ಊರಿನ ಅಭ್ಯಾಸ ಸೂಟ್‌ಕೇಸಿನ ಜೊತೆ ವಿಮಾನ ಹತ್ತುತ್ತೆ ಅಂತಾಯ್ತು.

ಆದರೆ ಕಥೆಯ ಎರಡನೇ ಭಾಗವನ್ನ ಜನ ಮರೀತಾರೆ. 2002ರ ಅಕ್ಟೋಬರಿನಿಂದ ನಗರಕ್ಕೆ ಅಧಿಕಾರ ಸಿಕ್ಕಿತು: ದಂಡ ಕಟ್ಟದ ಕಾರಿನ ರಾಜತಾಂತ್ರಿಕ ನಂಬರ್ ಪ್ಲೇಟು ವಾಪಸ್. ಬಾಕಿ ಉಳಿಯೋ ಚೀಟಿಗಳು ಹೆಚ್ಚುಕಡಿಮೆ 98 ಪರ್ಸೆಂಟ್ ಇಳಿದುಹೋದವು. ಸಾವಿರಾರು ವರ್ಷದ ಸಂಸ್ಕೃತಿ ಅಂತ ಯಾವುದನ್ನ ಅಂದುಕೊಂಡಿದ್ರೋ ಅದು ಒಂದು ನಂಬರ್ ಪ್ಲೇಟಿಗೆ ಹೆದರಿ ಸರಿಯಾದ ಜಾಗ ಹುಡುಕಿಕೊಂಡು ನಿಂತಿತು.

ಭಾಷೆಗಳ ಬಗ್ಗೆಯೂ ಆ ಬೆಂಚಿನ ಮೇಲೆ ಯೋಚಿಸಿದೆ. ನಾವು ಮಾಮೂಲು ಅಂತೀವಿ, ಕೈ ಬೆಚ್ಚಗೆ ಮಾಡೋದು ಅಂತೀವಿ, ಕಾಫಿ ತಿಂಡಿ ಖರ್ಚು ಅಂತೀವಿ. ಗ್ರೀಕರದ್ದು ‘ಪುಟ್ಟ ಲಕೋಟೆ’, ಮೆಕ್ಸಿಕೋದವರದ್ದು ‘ಕಚ್ಚು’, ಸ್ವಾಹಿಲಿಯಲ್ಲಿ ‘ಏನೋ ಸ್ವಲ್ಪ’. ಶಿಸ್ತಿನ ಜರ್ಮನ್ ಭಾಷೆಯಲ್ಲೂ ಲಂಚಕ್ಕೆ ಬಳಕೆಯ ಪದ ಇದೆ, ‘ಗ್ರೀಸ್ ಹಚ್ಚೋ ದುಡ್ಡು’. ಯಾವ ಸಂಸ್ಕೃತಿಯೂ ಇದಕ್ಕೆ ಹೆಸರಿಡೋದನ್ನ ಮರೆತಿಲ್ಲ. ಎಲ್ಲರೂ ಅದನ್ನ ಬೇರೆ ಹೆಸರಲ್ಲೇ ಕರೀತಾರೆ ಅಂದ್ರೆ, ಎಲ್ಲರಿಗೂ ಅದು ತಪ್ಪು ಅಂತ ಗೊತ್ತು.

ಸೋಮವಾರ ಆ ಹಿರಿಯ ಸಹೋದ್ಯೋಗಿಯ ಜೊತೆ ಕಾಫಿಗೆ ಹೋದೆ. ಜಗಳಕ್ಕಲ್ಲ. ಚೌಕಕ್ಕೆ ಹೋಗಿದ್ದೆ ಅಂದೆ. ಸ್ವಲ್ಪ ಹೊತ್ತು ಕಪ್ ತಿರುಗಿಸ್ತಾ ಕೂತರು. ಆಮೇಲೆ, ತೊಂಬತ್ತರ ದಶಕದಲ್ಲಿ ತಾವಿದ್ದ ಒಂದು ಸಣ್ಣ ಕಂಪನಿಯಲ್ಲಿ ಅಂಥ ಬಿಲ್ಲುಗಳಿಗೆ ಮುದ್ರೆ ಒತ್ತೋ ಕೆಲಸ ತಮ್ಮದೇ ಆಗಿತ್ತು ಅಂದರು. “ಅದು ಆ ದೇಶಗಳ ಸಂಸ್ಕೃತಿ ಅಂತ ನಮಗೆ ಹೇಳಿದ್ದರು. ನಾವೂ ನಂಬಿದ್ವಿ. ನಂಬೋದು ಸುಲಭ ಇತ್ತು.” ಆಮೇಲೆ ಫುಟ್‌ಬಾಲ್ ವಿಷಯ ತೆಗೆದರು.

ವಾಪಸ್ ಬಂದು ಈಗ ಕೆಲವು ತಿಂಗಳಾಯ್ತು. ಊರಲ್ಲಿ ಅಪ್ಪ ಬಿಟ್ಟುಹೋದ ಸೈಟಿನ ಖಾತೆ ಅಮ್ಮನ ಹೆಸರಿಗೆ ಆಗಬೇಕು. ಏಜೆಂಟ್ ಒಬ್ಬರು ವಾಟ್ಸಾಪಿನಲ್ಲಿ ಲೆಕ್ಕ ಕಳಿಸಿದರು. ಅರ್ಜಿ, ಅಫಿಡವಿಟ್, ಅವರ ಫೀಸು, ಕೊನೆಯ ಸಾಲಿನಲ್ಲಿ ‘ಇತರೆ ಖರ್ಚು 8,000’. ಅದನ್ನ ನೋಡ್ತಿದ್ದ ಹಾಗೆ ವಿಟೆಲ್ಸ್‌ಬಾಖರ್ ಚೌಕದ ಬೆಂಚು ಕಣ್ಣಮುಂದೆ ಬಂತು. ಉಪಯುಕ್ತ ಖರ್ಚು!

ಕಾನೂನು ನಮ್ಮಲ್ಲೂ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ, ಕೊಡೋದೂ ನೇರ ಅಪರಾಧ. ಏಳು ವರ್ಷದ ತನಕ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಆದರೆ ನಮ್ಮ ಕಂಪನಿಯೊಂದು ಹೊರದೇಶಕ್ಕೆ ಹೋಗಿ ಅಲ್ಲಿನ ಅಧಿಕಾರಿಗೆ ಕೊಟ್ಟರೆ? ಅದಕ್ಕಾಗಿ 2011ರಲ್ಲಿ ಸಂಸತ್ತಿನಲ್ಲಿ ಮಸೂದೆ ಮಂಡಿಸಿದ್ದರು. ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯ್ತು. ಜರ್ಮನಿ, ಅಮೆರಿಕ ಸಹಿ ಹಾಕಿದ 1997ರ ಒಪ್ಪಂದದಲ್ಲಿ ನಾವಿಲ್ಲ. ಆಫ್ರಿಕಾದಲ್ಲೋ ಬಾಂಗ್ಲಾದಲ್ಲೋ ಟೆಂಡರ್ ಹಿಡಿಯೋಕೆ ಈಗ ನಮ್ಮವರೂ ಹೋಗ್ತಾರೆ. ಅಲ್ಲಿ ಕೂತು “ಇಲ್ಲಿಯ ಸಂಸ್ಕೃತಿಯೇ ಹೀಗೆ” ಅಂತ ಮನೆಗೆ ಫೋನ್ ಮಾಡಿ ಹೇಳೋ ಕನ್ನಡದ ಹುಡುಗನೂ ಒಬ್ಬ ಇರಬಹುದು.

ಏಜೆಂಟಿಗೆ ಒಂದೇ ಸಾಲು ಕಳಿಸಿದೆ: “ಆ 8,000ಕ್ಕೆ ರಸೀದಿ ಸಿಗುತ್ತಾ?” ಎರಡು ನೀಲಿ ಟಿಕ್ ಬಿತ್ತು. ಆಮೇಲೆ ಕೈಮುಗಿಯೋ ಎಮೋಜಿ ಬಂತು. ಅರ್ಜಿಯನ್ನ ನಾನೇ ಹೋಗಿ ಕೊಟ್ಟು ಬಂದೆ, ಸ್ವೀಕೃತಿ ಚೀಟಿ ಮಾತ್ರ ಪಟ್ಟುಹಿಡಿದು ಇಸ್ಕೊಂಡೆ. ಮೊದಲ ಸಲ ಆಧಾರ್ ಪ್ರತಿ ಸರಿಯಿಲ್ಲ ಅಂದರು. ಎರಡನೇ ಸಲ ಸಾಹೇಬರು ರಜೆ. ಮೂರನೇ ಸಲ ಸರ್ವರ್ ಡೌನ್. ಪ್ರತಿ ಸಲವೂ ಅರ್ಧ ದಿನದ ರಜೆ, ಬಸ್ ಚಾರ್ಜು, ಅಮ್ಮನ ಮಂಡಿನೋವು. “ಎಂಟು ಸಾವಿರ ಬಿಸಾಕಿದ್ರೆ ಮುಗೀತಿತ್ತಲ್ಲೋ” ಅಂತ ಅಮ್ಮ ದಿನಾ ಅಂತಾಳೆ. ಅವಳ ಮಾತಲ್ಲಿ ತಪ್ಪು ಹುಡುಕೋಕೆ ನನಗೆ ಆಗ್ತಿಲ್ಲ. ಇವತ್ತಿಗೆ 47ನೇ ದಿನ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಮತ್ತೆ ಹೋಗ್ತಿದ್ದೀನಿ.